ವಿಷವಲ್ಲ, ಹುಳ ಎಂದ ಡಾಕ್ಟರಮ್ಮ

ನಮ್ಮ ಕೆಂಚಿ ಮರಿ ಹಾಕಿದ್ದಾಳೆ! ಇವತ್ತು ನಸುಕಿನಲ್ಲಿ, ಒಲೆಯ ಪಕ್ಕದ ಗೋಣಿಚೀಲದ ಮೇಲೆ. ಎಲ್ಲವೂ ಬದುಕಿವೆ, ಎಲ್ಲವೂ ಮೊಲೆ ಹಿಡಿದಿವೆ. ಓಣಿಯಲ್ಲಿ ಕಂಡವರಿಗೆಲ್ಲ ಹೇಳಿದ್ದಾಯಿತು, ಹಾಲಿನವನಿಗಂತೂ ಮತ್ತೆ ಕರೆದು ಹೇಳಿದೆ. ಈ ನಾಯಿ ಇವತ್ತು ತಾಯಿಯಾಗಿದ್ದರೆ ಅದಕ್ಕೆ ಕಾರಣ ಸುರಪುರದ ದನದ ದವಾಖಾನೆಯಲ್ಲಿದ್ದ ಒಬ್ಬ ಡಾಕ್ಟರಮ್ಮ.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಎಡಗೈ ಹೆಬ್ಬೆರಳು. ಯಾವುದೋ ಎಮ್ಮೆ ಒದ್ದು ಅದರ ಉಗುರು ಕಪ್ಪಾಗಿತ್ತು. ಆ ಬೆರಳಿನಿಂದಲೇ ದನದ ಕಣ್ಣರೆಪ್ಪೆ ಎಳೆದು ನೋಡುತ್ತಿದ್ದರು, ಆಡಿನ ಬಾಯಿ ಬಿಡಿಸುತ್ತಿದ್ದರು. ಮೈಸೂರು ಕಡೆಯವರು, ನನ್ನ ಸೊಸೆಗಿಂತ ಸಣ್ಣ ವಯಸ್ಸು. ಮಾತು ಮೆತ್ತಗೆ. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಕೃಷ್ಣಾ ಹೊಳೆಯ ಮೀನು ಸಂತೆಯಲ್ಲಿ ಮಾರುತ್ತ ತಲೆ ಬೆಳ್ಳಗಾದವಳು ನಾನು. ಹರಿದ ನೋಟು ಮಡಚಿ ಕೊಟ್ಟು ಹೋದವರೆಲ್ಲ ಮೆತ್ತಗೆ ಮಾತಾಡಿದವರೇ.

ಆಗ ಕೆಂಚಿ ಇನ್ನೂ ಹಾಲು ಕುಡಿಯುವ ಮರಿ. ಜೊತೆಯ ಎರಡು ಮರಿಗಳು ಒಂದರ ಹಿಂದೆ ಒಂದು ಸತ್ತಿದ್ದವು. ಕೆಂಚಿಯ ಹೊಟ್ಟೆ ಮಾತ್ರ ಗಡಿಗೆಯ ಹಾಗೆ ದುಂಡಗಿತ್ತು. ಹಾಲೆಲ್ಲ ಇದೇ ಕುಡಿಯುತ್ತಿದೆ ಎಂದು ನಾನು ಬೀಗುತ್ತಿದ್ದೆ. ಆಮೇಲೆ ಅದೂ ವಾಂತಿ ಮಾಡಿಕೊಂಡು ಮಲಗಿತು. ಮೊಮ್ಮಗಳು ಭಾಗ್ಯ ಅದನ್ನು ಮಡಿಲಲ್ಲಿ ಹಾಕಿಕೊಂಡು ಊಟ ಬಿಟ್ಟಳು. ನನಗೆ ಖಾತ್ರಿಯಿತ್ತು, ಇದು ಎದುರು ಮನೆಯವಳ ಕೆಲಸ. ನಮ್ಮ ತಾಯಿ ನಾಯಿ ಅವಳ ಕೋಳಿಗಳನ್ನು ಅಟ್ಟಿಸಿಕೊಂಡು ಹೋದಾಗಿನಿಂದ ಅವಳ ಕಣ್ಣು ನಮ್ಮ ಅಂಗಳದ ಮೇಲೇ ಇತ್ತು. ವಿಷ ಹಾಕಿದ್ದಾಳೆ. ಡಾಕ್ಟರಮ್ಮನ ಬಾಯಿಂದ ಆ ಒಂದು ಮಾತು ಬಂದರೆ ಸಾಕು, ಓಣಿ ಕೂಡಿಸಿ ಜಗಳ ತೆಗೆಯುವುದೇ ಎಂದುಕೊಂಡು, ಮರಿಯನ್ನೂ ಭಾಗ್ಯಳನ್ನೂ ಕರೆದುಕೊಂಡು ದವಾಖಾನೆಗೆ ಹೋದೆ.

ಡಾಕ್ಟರಮ್ಮ ಮರಿಯ ಹೊಟ್ಟೆ ಒತ್ತಿ ನೋಡಿದರು. "ವಿಷ ಅಲ್ಲ ಅಜ್ಜಿ. ಹೊಟ್ಟೇಲಿ ಹುಳ ಇದೆ."

"ಹುಳ ಇದ್ರ ಹೊಟ್ಟಿ ಹಿಂಗ ದುಂಡಗ ಇರ್ತದೇನ್ರಿ? ಬಡಕಲಾಗಬೇಕಲ್ಲ?"

"ಹುಳಾನೇ ಹೊಟ್ಟೆ ಉಬ್ಬಿಸಿರೋದು. ಬೆನ್ನು ಮುಟ್ಟಿ ನೋಡಿ, ಬರೀ ಮೂಳೆ. ನಾಳೆ ಬೆಳಿಗ್ಗೆ ಇದರ ಕಕ್ಕ ಸ್ವಲ್ಪ ತನ್ನಿ, ಯಾವ ಹುಳ ಅಂತ ನೋಡಿ ಔಷಧಿ ಕೊಡ್ತೀನಿ."

"ಸೂಜಿ ಮಾಡೂದಿಲ್ಲೇನ್ರಿ?"

"ಈಗ ಬೇಡ."

ಸೂಜಿ ಮಾಡದವರು ಎಂಥ ಡಾಕ್ಟರು! ಬಾಗಿಲು ದಾಟುವಾಗ ಇನ್ನೊಂದು ನೆನಪಾಯಿತು. ಎದುರು ಮನೆಯವಳ ಎಮ್ಮೆ ಈದಾಗ ಇದೇ ಡಾಕ್ಟರಮ್ಮ ಅವಳ ಕಟ್ಟೆಯ ಮೇಲೆ ಕೂತು ಚಹಾ ಕುಡಿದಿದ್ದರು. ಅಲ್ಲಿಗೆ ನನಗೆ ಎಲ್ಲ ತಿಳಿದುಹೋಯಿತು.

"ಇಬ್ಬರೂ ಒಂದಾಗ್ಯಾರ ನೋಡು," ಎಂದೆ ಭಾಗ್ಯಳಿಗೆ.

"ಆಯಿ, ಒಂದು ಕಪ್ ಚಾಕ್ಕ ಡಾಕ್ಟರು ಸುಳ್ಳು ಹೇಳ್ತಾರೇನ?"

"ಸುಮ್ಕ ಬಾ. ನಿನಗೇನು ತಿಳೀತದ."

ಮರುದಿನ ಮರಿಯದನ್ನು ಬಿಟ್ಟು ಅದರ ತಾಯಿಯದನ್ನು ಎಲೆಯಲ್ಲಿ ಕಟ್ಟಿಕೊಂಡು ಹೋದೆ. ಮರಿಯನ್ನು ಎತ್ತಿಕೊಂಡು ಭಾಗ್ಯ ಹಿಂದೆಯೇ ಬಂದಳು. ತಾಯಿ ನಾಯಿ ಗಟ್ಟಿಮುಟ್ಟು, ಓಣಿಯ ಹಂದಿಗಳನ್ನೆಲ್ಲ ಓಡಿಸುವಂಥದ್ದು. ಅದರಲ್ಲೂ ಹುಳ ಇದೆ ಎಂದರೆ ಸುಳ್ಳು ಸಿಕ್ಕಿಬಿದ್ದ ಹಾಗೆ.

ಡಾಕ್ಟರಮ್ಮ ಅದನ್ನು ನೀರಲ್ಲಿ ಕಲಸಿ, ಗಾಜಿಗೆ ಹಚ್ಚಿ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿಗೆ ಕಣ್ಣಿಟ್ಟರು. "ತುಂಬ ಮೊಟ್ಟೆ ಇದೆ ಅಜ್ಜಿ, ಹುಳದ್ದೇ. ಬನ್ನಿ, ನೀವೇ ನೋಡಿ."

ನಾನು ನೋಡಲು ಹೋಗಲಿಲ್ಲ. ಆಡು, ಎಮ್ಮೆ ಹಿಡಿದು ನಿಂತವರೆಲ್ಲ ಕೇಳುವ ಹಾಗೆ ಕೂಗಿದೆ. "ನೋಡ್ರಿ ಎಲ್ಲಾರು! ಇದು ಮರೀದಲ್ಲ, ತಾಯೀದು! ಈ ಡಾಕ್ಟರಮ್ಮ ಕಂಡಿದ್ದಕ್ಕೆಲ್ಲ ಹುಳ ಅಂತಾಳ!"

ಕುರಿಯವನೊಬ್ಬ ಕಿಸಕ್ಕನೆ ನಕ್ಕ. "ಏ ಯಮ್ಮಾ, ಡಾಕ್ಟರಿಗೇ ಪರೀಕ್ಷಾ ಇಟ್ಟೀಯೇನ?"

ಈಗ ಬೈಯುತ್ತಾರೆ ಎಂದು ನಾನು ಸೆರಗು ಸಿಕ್ಕಿಸಿ ತಯಾರಾದೆ. ಅವರು ಬೈಯಲಿಲ್ಲ. ಕುರ್ಚಿಯಿಂದ ಎದ್ದು ಬಂದರು, ಮುಖದ ತುಂಬ ಖುಷಿ.

"ತಾಯಿದಾ? ಒಳ್ಳೇದೇ ಆಯ್ತು! ನಾನೇ ಕೇಳಬೇಕಿತ್ತು. ಮರಿಗೆ ಹುಳ ಬರೋದೇ ತಾಯಿಯಿಂದ. ಹೊಟ್ಟೇಲಿದ್ದಾಗಲೂ ಬರತ್ತೆ, ಹಾಲಲ್ಲೂ ಬರತ್ತೆ. ದೊಡ್ಡ ನಾಯಿ ತಡ್ಕೊಳತ್ತೆ, ಮರಿ ತಡ್ಕೊಳಲ್ಲ."

"ಹಂಗಾರ ಸತ್ತ ಎರಡು ಮರಿ?"

"ಅವಕ್ಕೂ ಇದೇ ಆಗಿರಬಹುದು. ನಾನು ನೋಡಿಲ್ಲ, ಖಂಡಿತ ಅಂತ ಹೇಳಲಾರೆ."

ಹಂಗೇ ಇರಬೇಕು ಎಂದು ಒತ್ತಿ ಹೇಳಿದ್ದರೆ ನಾನು ಮತ್ತೆ ಜಗಳಕ್ಕೆ ನಿಲ್ಲುತ್ತಿದ್ದೆ. ಅಷ್ಟರಲ್ಲಿ ಅವರು ಕೆಂಚಿಯ ತುಟಿ ಎತ್ತಿದರು. ಒಸಡು ಸುಣ್ಣದಷ್ಟು ಬಿಳಿ. ರಕ್ತ ಹೀರುವ ಸಣ್ಣ ಹುಳವೂ ಇದೆ ಎಂದರು. ಮೀನಿನ ಕಿವಿರು ಎತ್ತಿ ನೋಡದೆ ನಾನು ಒಂದು ಮೀನೂ ಬುಟ್ಟಿಗೆ ಹಾಕಿದವಳಲ್ಲ. ಕೆಂಪಗಿದ್ದರೆ ತಾಜಾ, ಬಿಳಿಚಿದ್ದರೆ ಮುಟ್ಟಬಾರದು. ಬಿಳಿ ಎಂದರೆ ಏನು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮರಿಯನ್ನು ತೂಗಿ, ತೂಕ ನೋಡಿಯೇ ಔಷಧಿ ಅಳೆದರು. ತಕ್ಕಡಿಯ ಮುಳ್ಳನ್ನು ನಾನೂ ಬಗ್ಗಿ ನೋಡಿದೆ. ಮೋಸವಿರಲಿಲ್ಲ. ತಾಯಿಗೂ ಗುಳಿಗೆ ಕೊಟ್ಟರು. "ಹುಳ ಬೀಳತ್ತೆ, ಹೆದರಬೇಡಿ. ಇವಳು ಕೈ ತೊಳೆದೇ ಊಟ ಮಾಡ್ಲಿ, ಇದು ಮಕ್ಕಳಿಗೂ ಅಂಟತ್ತೆ," ಎಂದು ಭಾಗ್ಯಳ ಕಡೆ ತೋರಿಸಿದರು.

ಹುಳ ಬಿದ್ದವು. ಹಸಿ ಶಾವಿಗೆಯ ಹಾಗೆ, ಸುರುಳಿ ಸುರುಳಿ. ಔಷಧಿಯಲ್ಲೇ ಹುಳ ಕಲಸಿ ಕೊಟ್ಟಿರಬಹುದೇ ಎಂದು ಒಂದು ಗಳಿಗೆ ಅನಿಸಿತು, ನಾನು ಅಂಥವಳೇ. ಆದರೆ ಸಂಜೆಗೆ ಕೆಂಚಿ ನಡುಗುವ ಕಾಲಲ್ಲಿ ಎದ್ದು ನಿಂತು, ಭಾಗ್ಯಳ ಅಂಗೈಯಿಂದ ಗಂಜಿ ನೆಕ್ಕಿತು. ಹುಡುಗಿ ಅತ್ತುಬಿಟ್ಟಳು. ನಾನು ಬಾಗಿಲಿಗೆ ಬಂದು, ಎದುರು ಮನೆಯವಳನ್ನು ಕೂಗಿ, "ನಮ್ ಮರಿ ಎದ್ದದವ್ವಾ!" ಎಂದೆ. ವಿಷದ ಅನುಮಾನ ತನ್ನ ಮೇಲಿತ್ತು ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಡಾಕ್ಟರಮ್ಮನಿಗೆ ಒಳ್ಳೆಯ ಮೀನು ಒಯ್ದೆ. ಅವರು ಮೀನು ತಿನ್ನುವವರಲ್ಲವಂತೆ. ಆದರೂ ಕಿವಿರು ಎತ್ತಿ ನೋಡಿ, "ಫಸ್ಟ್ ಕ್ಲಾಸ್ ಇದೆ, ಕಂಪೌಂಡರಿಗೆ ಕೊಡಿ," ಎಂದು ನಕ್ಕರು. ಹೋದ ವರ್ಷ ಅವರಿಗೆ ವರ್ಗವಾಯಿತು. ಹೋಗುವ ಮುಂಚೆ ಕೆಂಚಿಯ ತುಟಿ ಎತ್ತಿ ನೋಡಿಯೇ ಹೋದರು.

ಇವತ್ತು ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗ ಸೈದಾಪುರದ ಕೆಲಸದಿಂದ ಬೇಗ ಬಂದಿದ್ದ. ಸೊಸೆ ಬಿಸಿ ರೊಟ್ಟಿ, ಮೀನಿನ ಸಾರು ಮಾಡಿದ್ದಳು. ಭಾಗ್ಯ ಡಾಕ್ಟರಮ್ಮನಿಗೆ ಫೋನು ಹಚ್ಚಿ ನಡುವೆ ಇಟ್ಟಳು.

"ಅಜ್ಜಿ, ತುಂಬ ಸಂತೋಷ! ಎರಡು ವಾರ ಆಗ್ತಿದ್ದ ಹಾಗೆ ತಾಯಿ, ಮರಿ ಎಲ್ಲಾನೂ ದವಾಖಾನೆಗೆ ಕರ್ಕೊಂಡು ಹೋಗಿ. ಈಗಿರೋ ಡಾಕ್ಟರು ಒಳ್ಳೆಯವರು, ಅವರು ಹೇಳಿದ್ದನ್ನ ನಂಬಿ."

"ನಿಮ್ಮನ್ನ ನಂಬ್ತೀನ್ರಿ, ತಾಯಿ," ಎಂದೆ. "ಅವರನ್ನ ನೋಡ್ತೀನಿ."

ಫೋನಿನ ಆಚೆ ಅವರು ನಕ್ಕರು, ಈಚೆ ನನ್ನ ಮಗನಿಗೆ ನಗುವಿಗೆ ತುತ್ತು ನೆತ್ತಿಗೇರಿತು. ಸೊಸೆ ಅವನ ಬೆನ್ನು ಗುದ್ದಿ ನೀರು ಕೊಟ್ಟಳು. ಭಾಗ್ಯ ಯಾರೂ ಹೇಳದೆಯೇ ಎದ್ದು ಹೋಗಿ ಕೈ ತೊಳೆದು ಬಂದು, ನನ್ನ ಪಕ್ಕ ಒತ್ತಿಕೊಂಡು ಕೂತು ರೊಟ್ಟಿ ಮುರಿದಳು.