ಆರು ಗಂಟೆಯ ರಂಗೋಲಿ

ಹನುಮಂತನಗರದ ನಮ್ಮ ಅಡ್ಡರಸ್ತೆಯ ಭಾಗೀರಥಮ್ಮ ಸರ್ಕಾರಿ ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸ ಮಾಡಿ ನಿವೃತ್ತರಾದವರು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡದೆ ಕಾಫಿ ಕುಡಿದವರಲ್ಲ. ಕಳೆದ ಕಾರ್ತಿಕದಲ್ಲಿ ಹಾಗೆ ಬಗ್ಗಿದ್ದಾಗಲೇ ಬೈಕಿನಲ್ಲಿ ಬಂದವರು ವಿಳಾಸ ಕೇಳುವ ನೆಪದಲ್ಲಿ ಮಾಂಗಲ್ಯದ ಸರ ಕಿತ್ತುಕೊಂಡು ಹೋದರು. ಕತ್ತಿನ ಗಾಯ ಮಾಯಿತು. ಅವರು ಹೊಸಿಲು ದಾಟುವುದು ನಿಂತಿತು. ಸೊಸೆ ಬಾಗಿಲಿಗೆ ಪ್ಲಾಸ್ಟಿಕ್ ರಂಗೋಲಿ ಅಂಟಿಸಿದಳು.

ಆಮೇಲೆ ಗಣಪತಿ ಗುಡಿಯಲ್ಲಿ ಪೊಲೀಸರ ಬೀಟ್ ಸಭೆ. ಹೆಡ್ ಕಾನ್‌ಸ್ಟೆಬಲ್ ಮುನಿರಾಮಪ್ಪ ಮೈಕ್ ಹಿಡಿದು, "ಹೆಂಗಸ್ರು ಬೆಳಕು ಹರಿಯೋವರ್ಗೂ ಆಚೆ ಬರ್ಬೇಡಿ, ಒಡವೆ ಹಾಕ್ಕೋಬೇಡಿ" ಎಂದರು. ನಿವಾಸಿಗಳ ಸಂಘದ ಅಧ್ಯಕ್ಷ ನಂಜುಂಡಯ್ಯ ಚಪ್ಪಾಳೆ ತಟ್ಟಿದರು. ಕಳೆದುಕೊಂಡವರಿಗೇ ಬುದ್ಧಿ ಹೇಳಲು ನಮ್ಮಲ್ಲಿ ಮೈಕು, ಶಾಮಿಯಾನ, ಬಿಸ್ಕತ್ತು ಎಲ್ಲವೂ ಸಿದ್ಧವಿರುತ್ತದೆ!

ಸೊಸೆಯ ಕೈ ಹಿಡಿದು ಹೇಗೋ ಸಭೆಗೆ ಬಂದಿದ್ದ ಭಾಗೀರಥಮ್ಮ ಹಿಂದಿನ ಸಾಲಿನಿಂದ ಎದ್ದರು. "ಕಳ್ಳ ಆಚೆ ಬರ್ಬೋದು, ನಾನು ಬರ್ಬಾರ್ದು. ಬೀದಿ ಯಾರ್ದು ಸ್ವಾಮಿ?"

"ಮತ್ತೇನ್ ಮಾಡೋಣ, ನೀವೇ ಹೇಳಿ ಅಮ್ಮಾ" ಎಂದರು ಮುನಿರಾಮಪ್ಪ.

"ಒಬ್ಬೊಬ್ರು ಒಂದೊಂದು ಹೊತ್ತಿಗೆ ಒಂಟಿಯಾಗಿ ಬಗ್ಗಿರ್ತೀವಿ. ಇನ್ಮೇಲೆ ಎಲ್ರೂ ಆರು ಗಂಟೆಗೇ ರಂಗೋಲಿ ಹಾಕೋಣ. ನಿಮ್ಮ ಬೀಟೂ ಆಗ್ಲೇ ಬರ್ಲಿ."

"ನಂಗೆ ರಂಗೋಲಿ ಬರಲ್ವಲ್ಲಮ್ಮ" ಎಂದರು ನಂಜುಂಡಯ್ಯ.

"ನೀರು ಹಾಕಕ್ಕೆ ಬರತ್ತಲ್ಲ? ಬಕೆಟ್ ತನ್ನಿ."

ಸಭೆ ನಕ್ಕಿತು. ಮುನಿರಾಮಪ್ಪ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ದಿನವೂ ಬಂದರು. ಅದನ್ನು ಬರೆಯದಿದ್ದರೆ ನನ್ನ ಸಿಟ್ಟಿಗೆ ಮರ್ಯಾದೆ ಇರುವುದಿಲ್ಲ.

ಪ್ಲಾಸ್ಟಿಕ್ ರಂಗೋಲಿಯನ್ನು ಭಾಗೀರಥಮ್ಮ ತಾವೇ ಕೆರೆದು ತೆಗೆದರು. ಆದರೂ ಭಯ ಹೋಗಲಿಲ್ಲ. ರಸ್ತೆಗೆ ಮುಖ ಮಾಡಿಯೇ ಕೂರುತ್ತಿದ್ದರು. ಕಣ್ಣು ರಸ್ತೆಯ ಮೇಲೇ ಇದ್ದು ಎಳೆ ಸೊಟ್ಟಗಾಗುತ್ತಿತ್ತು.

ಒಂದು ಬೆಳಿಗ್ಗೆ, ಮುನಿರಾಮಪ್ಪ ಇನ್ನೂ ಬಂದಿರಲಿಲ್ಲ, ಬೈಕೊಂದು ಅವರ ಮುಂದೆಯೇ ನಿಂತಿತು. "ಆಂಟಿ, ಕುಮಾರ ಪಾರ್ಕ್‌ಗೆ ಹೆಂಗ್ ಹೋಗೋದು?"

ಭಾಗೀರಥಮ್ಮನವರ ಕೈ ಕತ್ತಿಗೆ ಹೋಯಿತು. ಬೀದಿಯುದ್ದಕ್ಕೂ ಹೆಂಗಸರು ಎದ್ದು ನಿಂತರು. ನಂಜುಂಡಯ್ಯ ಬಕೆಟ್ ಸಮೇತ ಬೈಕಿಗೆ ಅಡ್ಡ ಬಂದರು. ಎದುರುಮನೆಯ ಪ್ರಿಯಂವದಾ, "ಹೆಲ್ಮೆಟ್ ತೆಗೆದು ಕೇಳಪ್ಪಾ, ಎಲ್ರೂ ಸೇರಿ ದಾರಿ ತೋರಿಸ್ತೀವಿ" ಎಂದರು.

ಉತ್ತರಕ್ಕೂ ಕಾಯದೆ ಬೈಕು ತಿರುಗಿ ಓಡಿತು. ಅವರು ಕಳ್ಳರೋ, ನಿಜಕ್ಕೂ ದಾರಿ ತಪ್ಪಿದವರೋ, ತೀರ್ಪು ಕೊಡಲು ನಾನು ಯಾರು? ಸರವಂತೂ ಇನ್ನೂ ಸಿಕ್ಕಿಲ್ಲ; ಅದನ್ನು ಠಾಣೆಗೆ ಕೇಳುತ್ತಲೇ ಇರುತ್ತೇನೆ.

ಭಾಗೀರಥಮ್ಮ ಬೀದಿಯುದ್ದಕ್ಕೂ ಎದ್ದು ನಿಂತವರನ್ನು ಒಮ್ಮೆ ನೋಡಿದರು. ಆಮೇಲೆ ರಂಗೋಲಿ ಬಟ್ಟಲೆತ್ತಿಕೊಂಡು, ಸರ ಹೋದಂದಿನಿಂದ ಮೊದಲ ಸಲ ರಸ್ತೆಗೆ ಬೆನ್ನು ಹಾಕಿ ಬಗ್ಗಿದರು.

"ನಂಜುಂಡಯ್ಯನವ್ರೇ, ಬಕೆಟ್ ಆ ಕಡೆ ಇಡಿ. ನನ್ನ ಎಳೆ ಮೇಲೆ ಚೆಲ್ಬಿಟ್ಟೀರಾ!"