ಎರಡು ಬಣ್ಣದ ಕೋಟು

ಪ್ರಾರ್ಥನೆಗೆ ಎಲ್ಲರೂ ತಲೆ ತಗ್ಗಿಸಿದ ಹೊತ್ತಿಗೇ ಥರ್ಮನ್ ಪಿಕೆಟ್‌ನ ಹೊಟ್ಟೆಯ ಮೇಲಿನ ಗುಂಡಿ ಸಿಡಿದು, ಮುಂದಿನ ಸಾಲಿನ ಮುದುಕಿಯ ಟೋಪಿಗೆ ಟಪ್ಪೆಂದು ಬಡಿಯಿತು. ಆಕೆ ಗಾಬರಿಯಲ್ಲಿ ಪಾದ್ರಿಗಳಿಗಿಂತ ಮೊದಲೇ "ಆಮೆನ್" ಎಂದುಬಿಟ್ಟಳು. ಇಡೀ ಚರ್ಚು ತಿರುಗಿ ನೋಡಿತು. ಹುಟ್ಟಿದಾಗಿನಿಂದ ಕಡುಗೆಂಪಿನ ಅಲಬಾಮಾ ಫುಟ್‌ಬಾಲ್ ತಂಡದ ಅಭಿಮಾನಿಯಾದ ಥರ್ಮನ್, ಅಂದು ತೊಟ್ಟಿದ್ದು ಕಿತ್ತಳೆ ಬಣ್ಣದ ಕೋಟು. ಮುಖ ಮಾತ್ರ ಆ ಕ್ಷಣ ತನ್ನ ತಂಡದ ಬಣ್ಣಕ್ಕೆ ಮರಳಿತು.

ಕೋಟು ಹೊಲಿದವಳು ವರ್ಬೀನಾ, ಗೆಳೆಯ ಕ್ಲೀವ್ ಹಾರ್ಗಿಸ್‌ನ ಹೆಂಡತಿ. ಒಂದು ಮಗ್ಗುಲು ಕಡುಗೆಂಪು. ತಿರುವಿದರೆ ಕ್ಲೀವ್‌ನ ಆಬರ್ನ್ ತಂಡದ ಕಿತ್ತಳೆ. ಪ್ರತಿ ವರ್ಷ ನವೆಂಬರಿನ ಕೊನೆಯ ಶನಿವಾರ ಈ ಎರಡು ಕಾಲೇಜು ತಂಡಗಳ ಪಂದ್ಯ. ಗೆಳೆಯರಿಬ್ಬರ ಪಂಥದಂತೆ, ಸೋತ ತಂಡದವನು ಗೆದ್ದ ತಂಡದ ಬಣ್ಣವನ್ನು ಹೊರಗೆ ಮಾಡಿಕೊಂಡು ಮರುದಿನ ಚರ್ಚಿಗೆ ಬರಬೇಕು. ಇಬ್ಬರ ಅಳತೆಯ ನಡುವೆ ಹೊಲಿದದ್ದರಿಂದ ಸಣಕಲ ಕ್ಲೀವ್‌ಗೆ ಅದು ಡೇರೆ, ಥರ್ಮನ್‌ಗೆ ದಿಂಬಿನ ಗವಸು. ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದ ಕ್ಲೀವ್ ಯಾವತ್ತೂ ನಿಮಿಷ ಹಿಂದೆಮುಂದೆ ಮಾಡಿದವನಲ್ಲ. ಗೆದ್ದ ಭಾನುವಾರ ಮಾತ್ರ ಅರ್ಧ ಗಂಟೆ ಮೊದಲೇ ಬಂದು ಚರ್ಚಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ, ಥರ್ಮನ್ ಕಾರಿನಿಂದ ಇಳಿಯುವುದನ್ನು ನೋಡಲಿಕ್ಕೆ.

ಈ ಸಲ ಮೆಟ್ಟಿಲು ಖಾಲಿ. ಮಾರ್ಚಿನಲ್ಲಿ ವರ್ಬೀನಾ ತೀರಿಕೊಂಡ ಮೇಲೆ ಕ್ಲೀವ್ ಚರ್ಚಿನ ಕಡೆ ತಲೆ ಹಾಕಿರಲಿಲ್ಲ, ಫೋನು ಎತ್ತುತ್ತಿರಲಿಲ್ಲ. ಕೋಟು ನೋಡುವ ಆಸೆಗಾದರೂ ಬಂದಾನು ಎಂದು, ಥರ್ಮನ್ ಜೀವನದಲ್ಲಿ ಮೊದಲ ಬಾರಿಗೆ ಅಲಬಾಮಾ ಸೋತದ್ದಕ್ಕೆ ಸಮಾಧಾನಪಟ್ಟಿದ್ದ. ಈ ಮಾತನ್ನು ಅವನು ಯಾರಿಗೂ ಹೇಳಿಲ್ಲ. ಹೇಳಿದರೆ ಆ ಊರಲ್ಲಿ ಬಾಳುವುದು ಕಷ್ಟ.

ಗುಂಡಿಯನ್ನು ಜೇಬಿಗಿಳಿಸಿಕೊಂಡು ನೇರ ಕ್ಲೀವ್‌ನ ಮನೆಗೆ ಹೋದ. ಕ್ಲೀವ್ ಅಡುಗೆಮನೆಯ ಮೇಜಿನ ಮುಂದೆ ಸುಮ್ಮನೆ ಕೂತಿದ್ದ. ಟೀವಿಯ ಮೇಲೆ ಧೂಳು.

"ನಿನ್ನೆ ಮ್ಯಾಚು ನೋಡ್ಲಿಲ್ವೇನೋ?"

"ಇಲ್ಲ. ನೀನು ಕಿತ್ತಳೆ ಹಣ್ಣಾಗಿ ಬಂದಿದ್ದೀಯಲ್ಲ, ಈಗ ಗೊತ್ತಾಯ್ತು."

"ಅಯ್ಯೋ, ನಾವೇ ಗೆದ್ವಿ ಅಂತ ಸುಳ್ಳು ಹೇಳ್ಬಹುದಿತ್ತಲ್ಲೋ!"

"ಅಷ್ಟು ಬುದ್ಧಿ ಇದ್ದಿದ್ರೆ ನೀನು ಆಬರ್ನ್ ಕಡೆ ಇರ್ತಿದ್ದೆ."

ಎಂಟು ತಿಂಗಳ ಮೇಲೆ ಕೇಳಿದ ಬೈಗುಳ. ನಕ್ಕು ಅದನ್ನು ಕೆಡಿಸುವ ಧೈರ್ಯ ಥರ್ಮನ್‌ಗೆ ಬರಲಿಲ್ಲ. ಗುಂಡಿಯನ್ನು ಮೇಜಿನ ಮೇಲಿಟ್ಟ. "ಮತ್ತೆ ಕಿತ್ತುಹೋಯ್ತು ಕಣೋ."

ಅವನು ಸೋತಾಗಲೆಲ್ಲ ಕಿತ್ತುಹೋಗುತ್ತಿದ್ದದ್ದು ಅದೇ ಗುಂಡಿ. ಪ್ರತಿ ಸಲವೂ ಬೈಯುತ್ತ ಹೊಲಿದುಕೊಡುತ್ತಿದ್ದವಳು ವರ್ಬೀನಾ. ಕ್ಲೀವ್ ಎದ್ದು ಹೋಗಿ ಅವಳ ಸೂಜಿದಾರದ ಬಿಸ್ಕತ್ತು ಡಬ್ಬಿ ತಂದ. ಮುಚ್ಚಳ ತೆಗೆಯುವ ಮೊದಲು ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. ದಾರ ಪೋಣಿಸಲು ಇಬ್ಬರಿಗೂ ಕಣ್ಣು ಸಾಲದು. ಒಬ್ಬ ಸೂಜಿ ಹಿಡಿದ, ಇನ್ನೊಬ್ಬ ದಾರ. ಏಳನೇ ಪ್ರಯತ್ನಕ್ಕೆ ತೂರಿತು.

"ಕೋಟು ಬಿಚ್ಲಾ?"

"ಬೇಡ, ಬಣ್ಣ ನಿನಗೆ ಒಪ್ಪುತ್ತೆ. ಹೊಟ್ಟೆ ಒಳಗೆಳ್ಕೋ."

ಹೊಟ್ಟೆ ಒಳಗೆಳೆದುಕೊಂಡೇ ಥರ್ಮನ್ ಕೇಳಿದ, "ಮುಂದಿನ ಭಾನುವಾರ ಚರ್ಚಿಗೆ ಬರ್ತೀಯೇನೋ?"

ಕ್ಲೀವ್ ದಾರವನ್ನು ಹಲ್ಲಿನಿಂದ ಕಡಿದ.

"ಬರ್ಲೇಬೇಕಲ್ಲ. ಇವತ್ತು ನೀನು ಚರ್ಚಿಗೆ ಬಂದಿದ್ದು ನಾನು ನೋಡಿಲ್ಲ, ಲೆಕ್ಕಕ್ಕಿಲ್ಲ. ಕೋಟು ಮತ್ತೆ ಹಾಕ್ಕೊಂಡು ಬಾ."