ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಜಂಬಣ್ಣ ತಂದ ಸುದ್ದಿ

ರಾಜಾಜಿನಗರದ ಆ ಕಲಾ ಕಾಲೇಜಿಗೆ ಹೇಳಿಕೊಳ್ಳುವಂಥ ಕಟ್ಟಡವೇನೂ ಇರಲಿಲ್ಲ. ಹೆಂಚು ಹೊದಿಸಿದ ಆರು ಕೋಣೆ, ಮುಂದೊಂದು ಹೊಂಗೆ ಮರ, ಇನ್ನೂರು ಚಿಲ್ಲರೆ ಮಕ್ಕಳು. ಜಂಬಣ್ಣ ಅಲ್ಲಿ ಜವಾನ. ಬೀಗ ತೆಗೆಯುವುದು, ಗಂಟೆ ಹೊಡೆಯುವುದು, ಕಾಗದಪತ್ರ ಹಿಡಿದು ಯೂನಿವರ್ಸಿಟಿ ಆಫೀಸಿಗೆ ಅಲೆಯುವುದು, ಎಲ್ಲ ಅವನ ಪಾಲಿಗೇ. ಹೊಸಪೇಟೆ ಕಡೆಯವನು, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮದುವೆಯಾದ ಹೊಸದರಲ್ಲಿ ಹೆಂಡತಿ ನೀಲಮ್ಮನನ್ನು ಕರೆದುಕೊಂಡು ಬೆಂಗಳೂರಿಗೆ ಬಂದು ಹೊಸಹಳ್ಳಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದ. ಇಬ್ಬರಿಗೂ ಇದ್ದವನು ಒಬ್ಬನೇ ಮಗ, ಪಂಪಾಪತಿ.

ಅದೇ ಕಾಲೇಜಿಗೆ ಮಗ ಬಿ.ಎ. ಓದಲು ಸೇರಿದಾಗ ಜಂಬಣ್ಣನಿಗೆ ಹಿಗ್ಗಿನ ಜೊತೆಗೆ ಒಂದು ಅಳುಕೂ ಇತ್ತು. ಅಪ್ಪ ಜವಾನ ಎಂದು ಹುಡುಗ ನಾಚಿಕೊಂಡಾನು ಎಂಬ ಅಳುಕು. ಪಂಪಾಪತಿ ನಾಚಿಕೊಳ್ಳಲಿಲ್ಲ. ಎಲ್ಲರೆದುರಿಗೂ ಅಪ್ಪಾ ಎಂದೇ ಕರೆಯುತ್ತಿದ್ದ. ಜಂಬಣ್ಣ ಬೆಂಚು ಎಳೆಯುವುದು ಕಂಡರೆ ಪುಸ್ತಕ ಕಿಟಕಿಯ ಮೇಲಿಟ್ಟು ಇನ್ನೊಂದು ತುದಿ ಹಿಡಿಯುತ್ತಿದ್ದ.

ಎಪ್ಪತ್ತೆರಡನೆಯ ಇಸವಿಯ ಜನವರಿಯಲ್ಲಿ ಕೊನೆಯ ವರ್ಷದ ಮಕ್ಕಳು ಸೇವಾ ಶಿಬಿರಕ್ಕೆಂದು ಹೇರೋಹಳ್ಳಿಗೆ ಹೋದರು. ಪರೀಕ್ಷೆ ಹತ್ತಿರವಿದೆ, ಇವನು ಹೋಗುವುದು ಬೇಡ ಎಂದು ನೀಲಮ್ಮ ತಡೆದಿದ್ದಳು. ಹುಡುಗರ ಜೊತೆ ನಾಲ್ಕು ದಿನ ಇದ್ದು ಬರಲಿ ಬಿಡು ಎಂದು ಕಳಿಸಿದವನು ಜಂಬಣ್ಣ. ಶಿಬಿರ ಮುಗಿಯುವ ದಿನ ಮಧ್ಯಾಹ್ನ ಹುಡುಗರು ಮೈ ತೊಳೆಯಲು ಕೆರೆಗೆ ಇಳಿದರು. ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿಗಳು ಆ ನೀರಿನಡಿ ಎಲ್ಲೆಲ್ಲಿದ್ದವೋ ಊರಿನವರಿಗೇ ಲೆಕ್ಕವಿರಲಿಲ್ಲ. ಸಂಜೆಯ ಹೊತ್ತಿಗೆ ಪಂಪಾಪತಿಯನ್ನು ಚಾಪೆಯ ಮೇಲೆ ಮಲಗಿಸಿ ಹೊಸಹಳ್ಳಿಗೆ ತಂದರು. ಕಾಲು ಜಾರಿತು ಎಂದರು. ಯಾರೂ ನೋಡಲಿಲ್ಲ ಎಂದರು.

ಕಾಲೇಜಿನಲ್ಲಿ ವರ್ಷಕ್ಕೆರಡು ಸಲ ‘ಕಾಲೇಜು ವಾರ್ತೆ’ ಎಂಬ ಎಂಟು ಪುಟದ ಪತ್ರಿಕೆ ಬರುತ್ತಿತ್ತು. ಚರಿತ್ರೆ ಪಾಠ ಹೇಳುತ್ತಿದ್ದ ವೆಂಕಟಗಿರಿ ಮೇಷ್ಟ್ರು ಅದನ್ನು ಬರೆದು, ಸ್ಟೆನ್ಸಿಲ್ ಕುಯ್ಯಿಸಿ ಕೊಡುತ್ತಿದ್ದರು. ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸಿ ಪ್ರತಿ ತೆಗೆಯುವವನು ಜಂಬಣ್ಣ. ಆ ಸಲದ ಸಂಚಿಕೆಯಲ್ಲಿ ಶಿಬಿರದ ವರದಿಯ ಕೆಳಗೆ ಪಂಪಾಪತಿಯ ಬಗ್ಗೆ ಎರಡು ಸಾಲಿತ್ತು. ಈ ಪುಟವನ್ನು ಬೇರೆಯವರಿಂದ ತೆಗೆಸುತ್ತೇನೆ, ನೀನು ಮನೆಗೆ ಹೋಗು ಎಂದು ಮೇಷ್ಟ್ರು ಎಷ್ಟು ಹೇಳಿದರೂ ಅವನು ಕದಲಲಿಲ್ಲ. ಇನ್ನೂರೈವತ್ತು ಪ್ರತಿಯನ್ನೂ ತಾನೇ ತೆಗೆದ. ಮಸಿ ಆರಲೆಂದು ಬೆಂಚುಗಳ ಮೇಲೆ ಹರಡಿ, ಒಂದಕ್ಕೊಂದು ಅಂಟದ ಹಾಗೆ ನೋಡಿಕೊಂಡ.

ಮನೆಯಲ್ಲಿ ಮಾತು ನಿಂತುಹೋಯಿತು. ನೀಲಮ್ಮ ಒಂದು ದಿನವೂ ನೀವು ಕಳಿಸಿದಿರಿ ಎಂದು ಬಾಯಿಬಿಟ್ಟು ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು ಎಂದು ಜಂಬಣ್ಣನಿಗೆ ಎಷ್ಟೋ ಸಲ ಅನ್ನಿಸಿತು. ಅವನಿಗೆ ಮಗನ ಮೇಲೇ ಒಳಗೊಳಗೆ ಸಿಟ್ಟು. ಅರ್ಧಂಬರ್ಧ ಈಜು ಬರುವವನು ಆಳಕ್ಕೆ ಯಾಕೆ ಹೋಗಬೇಕಿತ್ತು?

ಮರುವರ್ಷ ಮೇಷ್ಟ್ರು ವಾರ್ತೆಯ ಕೊನೆಯ ಪುಟವನ್ನು ಹಳೆಯ ವಿದ್ಯಾರ್ಥಿಗಳಿಗೆ ಬಿಟ್ಟರು. ಯಾರು ಎಲ್ಲಿದ್ದಾರೆ, ಏನು ಸಾಧಿಸಿದ್ದಾರೆ ಎಂಬ ಸುದ್ದಿ ಅಲ್ಲಿ ಬರಬೇಕು. ಕಾಗದ ಬರೆದರೆ ನಾಲ್ಕು ಜನ ಉತ್ತರ ಕೊಟ್ಟರು, ಅಷ್ಟೇ. ನಾನು ಹೋಗಿ ಕೇಳ್ಕೊಂಡು ಬರ್ತೀನಿ ಸಾರ್ ಎಂದು ಮುಂದೆ ಬಂದವನು ಜಂಬಣ್ಣ. ಅಂದಿನಿಂದ ಭಾನುವಾರ ಬಂತೆಂದರೆ ಸೈಕಲ್ಲು ಹತ್ತಿ ವಿಜಯನಗರ, ಮಾರೇನಹಳ್ಳಿ, ಬಸವೇಶ್ವರನಗರ ಎಂದು ಮನೆಮನೆ ಸುತ್ತುತ್ತಿದ್ದ. ಎಲ್ಲ ವರ್ಷದವರ ಸುದ್ದಿಯನ್ನೂ ತರುತ್ತಿದ್ದ, ನಿಜ. ಆದರೆ ಅವನ ಮನಸ್ಸೆಲ್ಲ ಎಪ್ಪತ್ತೆರಡನೆಯ ಇಸವಿಯಲ್ಲಿ ಮಗನ ಜೊತೆ ಓದಿದ ಮೂವತ್ತೊಂದು ಜನರ ಮೇಲೆ. ಪದ್ಮನಾಭ ಬ್ಯಾಂಕು ಸೇರಿ ಮಂಡ್ಯಕ್ಕೆ ಹೋದ. ಅಂಬುಜಾಗೆ ರೇಡಿಯೋ ನಾಟಕದಲ್ಲಿ ಪಾತ್ರ ಸಿಕ್ಕಿತು. ಬಸವರಾಜೇಶ್ವರಿ ಎಂ.ಎ. ಮುಗಿಸಿ ತುಮಕೂರಿನಲ್ಲಿ ಲೆಕ್ಚರರ್ ಆದಳು. ಜಂಬಣ್ಣ ಮನೆಗೆ ಬಂದು ಒಂದೊಂದನ್ನೂ ಹೇಳುವನು. ನೀಲಮ್ಮ ಒಲೆಯ ಕಡೆಗೆ ಮುಖ ಮಾಡಿಕೊಂಡೇ ಕೇಳಿಸಿಕೊಂಡು, ಆ ಮಕ್ಕಳಿಗೆ ಈಗ ಎಷ್ಟು ವಯಸ್ಸು ಎಂದು ಕೇಳುವಳು. ಇಪ್ಪತ್ತಮೂರು ಎನ್ನುವನು. ಆಮೇಲೆ ಇಪ್ಪತ್ತನಾಲ್ಕು. ಆಮೇಲೆ ಇಪ್ಪತ್ತೈದು.

ನಾಲ್ಕೈದು ವರ್ಷದಲ್ಲಿ ಮೂವತ್ತು ಜನರ ಸುದ್ದಿ ಸಿಕ್ಕಿತು. ಸಿಗದೆ ಉಳಿದವನು ಚನ್ನಕೇಶವ ಒಬ್ಬನೇ. ಪಂಪಾಪತಿಯ ಪಕ್ಕದಲ್ಲೇ ಕೂರುತ್ತಿದ್ದ ಹುಡುಗ; ಮನೆಗೆ ಬಂದು ನೀಲಮ್ಮನ ಕೈಯ ರೊಟ್ಟಿ ತಿಂದು ಹೋದವನು. ಎಪ್ಪತ್ತೆರಡರ ಏಪ್ರಿಲಿನಲ್ಲಿ ಪರೀಕ್ಷೆಗೂ ಕೂರದೆ ಹೋದವನು ಎಲ್ಲಿದ್ದಾನೆಂದು ಮಾರೇನಹಳ್ಳಿಯ ಅವನ ಹಳೆಯ ಬೀದಿಯವರಿಗೂ ತಿಳಿಯದು.

ಎಪ್ಪತ್ತೇಳರ ದಸರಾ ರಜೆಗೆ ಮುಂಚೆ ಬಸವರಾಜೇಶ್ವರಿ ಯಾವುದೋ ಸರ್ಟಿಫಿಕೇಟಿಗೆಂದು ಕಾಲೇಜಿಗೆ ಬಂದವಳು, ಕೆಂಗೇರಿಯ ಮರದ ಮಿಲ್ಲಿನಲ್ಲಿ ಚನ್ನಕೇಶವನನ್ನು ಕಂಡೆನೆಂದಳು. ಮಾತಾಡಿಸಿದರೆ ಗುರುತೇ ಇಲ್ಲದವನಂತೆ ಒಳಗೆ ಹೋದನಂತೆ.

ರಜೆಯ ಮೊದಲ ದಿನವೇ ಜಂಬಣ್ಣ ಕೆಂಗೇರಿಯ ಬಸ್ಸು ಹತ್ತಿದ. ಮಿಲ್ಲಿನ ಅಂಗಳದಲ್ಲಿ ದಿಮ್ಮಿಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ ಮನುಷ್ಯನೊಬ್ಬ ತಲೆಯೆತ್ತಿ ಇವನನ್ನು ನೋಡಿದ. ತಲೆಗೂದಲು ಆಗಲೇ ತೆಳುವಾಗಿತ್ತು. ಕೈಯಲ್ಲಿದ್ದ ಸುಣ್ಣದ ಕಡ್ಡಿ ಕೆಳಗೆ ಬಿತ್ತು.

“ಹೆದರಬೇಡಪ್ಪ, ಕಾಲೇಜಿಂದ ಬಂದೆ,” ಎಂದ ಜಂಬಣ್ಣ. “ವಾರ್ತೆಗೆ ನಿಮ್ಮ ವರ್ಷದೋರ ಸುದ್ದಿ ಎಲ್ಲ ಸಿಕ್ಕೈತೆ. ನಿಂದೊಂದೇ ಬಾಕಿ.”

ಒಳಗೆ ಗರಗಸ ಕಿರುಚುತ್ತಿತ್ತು. ಅದು ನಿಂತ ಮೇಲೆ ಚನ್ನಕೇಶವ ದಿಮ್ಮಿಯೊಂದರ ಮೇಲೆ ಕುಸಿದು ಕೂತು, ನೆಲ ನೋಡುತ್ತ ಹೇಳತೊಡಗಿದ. ಅಂದು ಕಾಲು ಜಾರಿದ್ದು ಪಂಪಾಪತಿಗಲ್ಲ, ತನಗೆ. ಉಳಿದ ಹುಡುಗರು ಮೈ ತೊಳೆದು ಆಗಲೇ ಶಿಬಿರಕ್ಕೆ ಹೋಗಿದ್ದರು. ದಡದಲ್ಲಿ ಬಟ್ಟೆ ಹಿಂಡುತ್ತಿದ್ದ ಪಂಪಾಪತಿ ಹಾಗೇ ಹಾರಿ ಬಂದು, ತನ್ನ ಬೆನ್ನಿಗೆ ಕೈಯಿಟ್ಟು ಮೇಲಕ್ಕೆ ನೂಕಿದ. ತನ್ನ ಕೈಗೆ ಜೊಂಡು ಸಿಕ್ಕಿತು. ತಿರುಗಿ ನೋಡಿದಾಗ ಪಂಪಾಪತಿಯ ತಲೆ ಒಂದು ಸಲ ಮೇಲೆ ಬಂದಿತ್ತು.

“ಏರಿ ಮೇಲೆ ಊರಿನೋರು ನಾಲ್ಕು ಜನ ಕೂತಿದ್ರು ಜಂಬಣ್ಣ. ಕೂಗಿದ್ರೆ ಓಡಿ ಬರ್ತಿದ್ರು. ನನಗೆ ಬಾಯಿ ಬರಲಿಲ್ಲ. ಬಟ್ಟೆ ಹಾಕ್ಕೊಂಡು ಶಿಬಿರಕ್ಕೆ ಹೋಗಿ ಕಂಬಳಿ ಹೊದ್ದು ಮಲಗ್ಬಿಟ್ಟೆ. ಮೇಷ್ಟ್ರು ಕೇಳಿದಾಗ, ನಾನು ನೀರಿಗೆ ಇಳೀಲೇ ಇಲ್ಲ ಅಂದೆ.”

ಎದುರಿನ ದಿಮ್ಮಿಯ ಮೇಲೆ ಕೂತು ಕೇಳುತ್ತಿದ್ದ ಜಂಬಣ್ಣ ಎದ್ದು ನಿಂತ. ಹೊಡೆಯಬೇಕೆಂದು ಕೈ ಎತ್ತಿದನೋ, ಆಸರೆಗೆ ಏನನ್ನಾದರೂ ಹಿಡಿಯಹೋದನೋ, ಅವನಿಗೇ ತಿಳಿಯಲಿಲ್ಲ. ಹಾಗೇ ರಸ್ತೆಗೆ ಬಂದ. ಬಸ್ಸು ಬಂದು ನಿಂತರೂ ಹತ್ತಲಿಲ್ಲ. ಮೈಸೂರು ರಸ್ತೆ ಹಿಡಿದು ನಡೆದೇ ನಡೆದ. ಐದು ವರ್ಷ ಸತ್ತ ಮಗನನ್ನು ಬೈದುಕೊಂಡಿದ್ದೆನಲ್ಲ ಎಂಬುದು ಬ್ಯಾಟರಾಯನಪುರದ ಹತ್ತಿರ ಬರುವ ಹೊತ್ತಿಗೆ ಹೊಳೆಯಿತು. ಅಲ್ಲೇ ಒಂದು ಮೋರಿಯ ಕಟ್ಟೆಯ ಮೇಲೆ ಕೂತು, ಹೋಗಿಬರುವ ಜನರ ಪರಿವೆಯಿಲ್ಲದೆ ಅತ್ತ.

ಎಂಟು ದಿನ ಹೆಂಡತಿಗೆ ಹೇಳದೆ ಇದ್ದ. ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಪೂಜೆ ಮುಗಿಸಿ ಎದ್ದಾಗ, ತಾನು ಮಗನನ್ನು ಬೈದುಕೊಂಡದ್ದನ್ನೂ ಬಿಡದೆ, ಎಲ್ಲವನ್ನೂ ಹೇಳಿದ. ನೀಲಮ್ಮ ಗೋಡೆಗೆ ಒರಗಿ ಕೇಳಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ. “ಅವನು ನನ್ನ ಕೈ ರೊಟ್ಟಿ ತಿಂದಿದ್ದ,” ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, “ಅವನ ಮುಖ ನನಗೆ ತೋರಿಸ್ಬೇಡಿ,” ಎಂದಳು. ಆದರೆ ಅಂದು ರೊಟ್ಟಿ ಬಡಿಯುತ್ತಿದ್ದವಳು ನಡುವೆ ಕೈ ನಿಲ್ಲಿಸಿ, ನಾನೂ ನಿಮ್ಮನ್ನ ಬೈಕೊಂಡಿದ್ದೆ ಎಂದಳು. ಅಷ್ಟು ವರ್ಷದಲ್ಲಿ ಆ ಮಾತನ್ನು ಅವಳು ಬಾಯಿಗೆ ತಂದದ್ದು ಅದೊಂದೇ ಸಲ.

ಎರಡು ತಿಂಗಳು ಬಿಟ್ಟು ಜಂಬಣ್ಣ ಮತ್ತೆ ಕೆಂಗೇರಿಗೆ ಹೋದ. ಕೈಯಲ್ಲಿ ಪರೀಕ್ಷೆಯ ಅರ್ಜಿ ಇತ್ತು. ಚನ್ನಕೇಶವ ಅದನ್ನು ಮುಟ್ಟಲಿಲ್ಲ. ನನಗೆ ಯಾವ ಯೋಗ್ಯತೆಯೂ ಇಲ್ಲ ಎಂದ.

“ಯೋಗ್ಯತೆ ಮಾತು ನನಗೆ ಗೊತ್ತಿಲ್ಲ,” ಎಂದ ಜಂಬಣ್ಣ. “ನನ್ನ ಮಗ ನಿನ್ನ ಮೇಲಕ್ಕೆ ನೂಕಿದ್ದು ದಿಮ್ಮಿ ಎಣಿಸ್ಲಿ ಅಂತ ಅಲ್ಲ. ನಿನ್ನ ಮೇಲೆ ನನಗೆ ಸಿಟ್ಟು ಹೋಗಿಲ್ಲ. ಹೋಗ್ತದೋ ಇಲ್ವೋ ಗೊತ್ತಿಲ್ಲ. ಸಹಿ ಹಾಕು.”

ಚನ್ನಕೇಶವ ಸಹಿ ಹಾಕಿದ. ವೆಂಕಟಗಿರಿ ಮೇಷ್ಟ್ರು ಭಾನುವಾರಗಳಲ್ಲಿ ತಮ್ಮ ಮನೆಯಲ್ಲಿ ಅವನಿಗೆ ಪಾಠ ಹೇಳಿದರು. ಏಪ್ರಿಲಿನಲ್ಲಿ ಇಂಗ್ಲಿಷಿನಲ್ಲಿ ಫೇಲಾದ. ಅಕ್ಟೋಬರಿನಲ್ಲಿ ಅದನ್ನೂ ಮುಗಿಸಿ, ಬರಿಯ ಪಾಸ್ ಕ್ಲಾಸಿನಲ್ಲಿ ಬಿ.ಎ. ಆದ. ಸುದ್ದಿ ಕೇಳಿದ ಜಂಬಣ್ಣ ಹೊಂಗೆ ಮರದ ಕೆಳಗೆ ಒಬ್ಬನೇ ನಿಂತಿದ್ದ. ಇದು ಯಾರ ಪಾಸು ಎಂದು ಅವನಿಗೆ ಒಂದು ಗಳಿಗೆ ಗೊಂದಲವಾಯಿತು.

ಎಪ್ಪತ್ತೊಂಬತ್ತರ ಜನವರಿಯ ಸಂಚಿಕೆಗೆ ಚನ್ನಕೇಶವನ ಸುದ್ದಿ ಬರೆಯಲು ಮೇಷ್ಟ್ರು ಕೂತಾಗ, ಅವನೇ ಒಂದು ಹಾಳೆ ತಂದುಕೊಟ್ಟ. ಹೇರೋಹಳ್ಳಿ ಕೆರೆಯಲ್ಲಿ ನಡೆದದ್ದನ್ನು, ತಾನು ಕೂಗದೆ ಇದ್ದದ್ದನ್ನೂ ಬಿಡದೆ, ಹತ್ತು ಸಾಲಿನಲ್ಲಿ ಬರೆದು ಕೆಳಗೆ ಹೆಸರು ಹಾಕಿದ್ದ. ತನ್ನ ಪಾಸಿನ ಸುದ್ದಿ ಬೇಡ, ಇದನ್ನು ಹಾಕಿ ಎಂದ. ಮೇಷ್ಟ್ರು ಜಂಬಣ್ಣನ ಮುಖ ನೋಡಿದರು. ನೀಲಮ್ಮನನ್ನು ಕೇಳದೆ ಆಗದು ಎಂದು ಜಂಬಣ್ಣ ಹಾಳೆಯನ್ನು ಮನೆಗೆ ತಂದು, ಅಕ್ಷರ ಕೂಡಿಸಿ ಕೂಡಿಸಿ ಓದಿ ಹೇಳಿದ.

ನೀಲಮ್ಮ ಇನ್ನೊಂದು ಸಲ ಓದಿಸಿದಳು. ಬೆನ್ನಿಗೆ ಕೈಯಿಟ್ಟು ನೂಕಿದ ಸಾಲನ್ನು ಮೂರನೆಯ ಸಲವೂ ಓದಿಸಿದಳು.

“ಹಾಕ್ಸಿ. ನನ್ನ ಮಗ ಹೆಂಗೆ ಹೋದ ಅಂತ ಜನಕ್ಕೆ ಗೊತ್ತಾಗ್ಲಿ,” ಎಂದಳು. “ಆದ್ರೆ ಆ ಹುಡುಗನ್ನ ಮನೆಗೆ ಕರೀಬೇಡಿ.”

ಹತ್ತು ಸಾಲೂ ಅಚ್ಚಾಯಿತು. ಮಂಡ್ಯದಿಂದ ಪದ್ಮನಾಭ ಕಾಗದ ಬರೆದ. ಬಸವರಾಜೇಶ್ವರಿ ತುಮಕೂರಿನಿಂದ ಬಂದು ನೀಲಮ್ಮನ ಕೈ ಹಿಡಿದುಕೊಂಡು ಕೂತು ಹೋದಳು. ಚನ್ನಕೇಶವನಿಗೆ ಆ ವರ್ಷವೇ ರಾಯಚೂರಿನ ಕಡೆ ಒಂದು ಗುಮಾಸ್ತಿಕೆ ಸಿಕ್ಕಿತು. ಹೊರಡುವ ಮುನ್ನ, ಪಂಪಾಪತಿಯನ್ನು ಮಣ್ಣು ಮಾಡಿದ ರುದ್ರಭೂಮಿಗೆ ಕರೆದುಕೊಂಡು ಹೋಗಿ ಎಂದು ಜಂಬಣ್ಣನನ್ನು ಕೇಳಿದ.

ಸೋಮವಾರ ಬೆಳಿಗ್ಗೆ ಇಬ್ಬರೂ ಹೋದರು. ನೀಲಮ್ಮ ಸಮಾಧಿಗೆ ಬರುವುದು ಸಂಜೆ ಎಂದುಕೊಂಡಿದ್ದ ಜಂಬಣ್ಣನ ಲೆಕ್ಕ ತಪ್ಪಿತ್ತು. ಅವಳು ಆಗಲೇ ಅಲ್ಲಿದ್ದಳು, ಸಮಾಧಿಯ ಮೇಲಿನ ಕಸ ಗುಡಿಸಿ ಪತ್ರೆ ಇಡುತ್ತಿದ್ದಳು. ಚನ್ನಕೇಶವ ಗೇಟಿನಲ್ಲೇ ನಿಂತುಬಿಟ್ಟ. ಅವಳು ಎದ್ದು, ಸೆರಗು ಹೊದ್ದುಕೊಂಡು, ದೂರದಿಂದಲೇ ಅವನನ್ನು ಒಂದು ಸಲ ನೋಡಿದಳು. ಗುರುತು ಸಿಕ್ಕಿತೆಂದು ಜಂಬಣ್ಣನಿಗೆ ಗೊತ್ತಾಯಿತು. ಅವಳು ಅವರ ಕಡೆಗೆ ಬರಲಿಲ್ಲ. ಹಿಂದಿನ ಗೋಡೆಯ ಸಂದಿಯಿಂದ ಹೊರಬಿದ್ದು, ಹೊಸಹಳ್ಳಿಯ ದಾರಿ ಹಿಡಿದು ನಿಧಾನವಾಗಿ ನಡೆದುಹೋದಳು. ಅವಳು ತಿರುವು ದಾಟುವ ತನಕ ಇಬ್ಬರೂ ಹೊರಗೇ ನಿಂತಿದ್ದು, ಆಮೇಲೆ ಒಳಗೆ ಹೋದರು.